ಇಪ್ಪತ್ಮೂರು ಕಿಲೋ

ಮನೆಯ ತಕ್ಕಡಿ ಸುಳ್ಳು ಹೇಳುತ್ತದೆಂದು
ಪೆಟ್ಟಿಗೆಗಳನ್ನು ಆಟೋದಲ್ಲಿ ಹೇರಿಕೊಂಡು
ಅಮಾನುಲ್ಲಾ ಸಾಬರ ಗುಜರಿ ಅಂಗಡಿಗೆ ಬಂದೆವು.
ರದ್ದಿ ತೂಗುವ ಕಾಟಾ. ಅದಕ್ಕೆ ಮುಲಾಜಿಲ್ಲ.

ಜನವರಿಯ ಬೆಳಿಗ್ಗೆ. ಸವಳಂಗ ರಸ್ತೆಯ ಮೇಲೆ
ಅವರೆಕಾಯಿ ಗಾಡಿಗಳು, ಬಿಸಿಲಿಗೆ ಬೆನ್ನು ಕೊಟ್ಟ ನಾಯಿಗಳು.
ಕಾಸಾಮಾದಲ್ಲಿ ಈಗ ಮಳೆ ಹಿಡಿದಿರುತ್ತದೆ.
ಶಾಲೆಯ ತಗಡಿನ ಮೇಲೆ ಅದು ಬಿದ್ದರೆ
ಪಾಠ ನಿಲ್ಲಿಸಿ ನಗುತ್ತ ಕೂರಬೇಕು, ಏನೂ ಕೇಳಿಸದು.
ಸೋಮವಾರ, ಹದಿಮೂರನೇ ತಾರೀಖು, ಮೊದಲ ಬೆಲ್.

"ಯಾವಾಗ ಬಂದ್ರಿ ಮೇಡಂ?" ಅಂದರು ಸಾಬರು,
ಉತ್ತರ ಬರುವ ಮೊದಲೇ "ಯಾವಾಗ ಹೊರಡೋದು?"
ತಿಂಗಳಿಂದ ಊರೆಲ್ಲ ಇದೇ ಎರಡು ಪ್ರಶ್ನೆ
ಒಂದೇ ಉಸಿರಲ್ಲಿ; ನಡುವೆ ಕೂರಲು ಜಾಗವಿಲ್ಲ.
"ಇದೊಂದು ವರ್ಷ" ಅಂದ ಹಾಲೇಶ.
ಐದನೇ ಸಲ ಅಂದ.

ಹನ್ನೊಂದು ವರ್ಷ ಇವನು ಇಲ್ಲಿಯ ಕಾಲೇಜಿನಲ್ಲಿ
ಅತಿಥಿ ಉಪನ್ಯಾಸಕ.
ಹುಟ್ಟಿದ ಊರಲ್ಲಿ, ಮನೆಯಿಂದ ಸೈಕಲ್ ದೂರದಲ್ಲಿ, ಅತಿಥಿ!
ಮಾರ್ಚಿಗೆ ಬೀಳ್ಕೊಟ್ಟು, ಜುಲೈಗೆ ಕರೆದರೆ ಕರೆದರು.
ಅಲ್ಲಿ ಹೆಡ್‌ಮಾಸ್ಟರು ಮೊದಲ ದಿನವೇ
ಲ್ಯಾಬಿನ ಬೀಗದ ಕೈ ಕೊಟ್ಟಾಗ
ಯಾವ ಜೇಬಲ್ಲಿಡಬೇಕೋ ಇವನಿಗೆ ತಿಳಿಯಲಿಲ್ಲ.

ಕಾಟಾದ ಮುಳ್ಳು ಇಪ್ಪತ್ತೈದೂವರೆಯಲ್ಲಿ ನಿಂತಿತು.
ಅಲ್ಲೇ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿದೆ.
ತುಕ್ಕಿನ ಫ್ಯಾನು, ಕಿವಿ ಮುರಿದ ಕುಕ್ಕರುಗಳ ನಡುವೆ
ನಮ್ಮ ಸಂಸಾರ ಹರಡಿಕೊಂಡಿತು:
ಹಪ್ಪಳ, ಮೇದಿನಿಯ ಹೊಸ ಲಂಗ, ಅಪ್ಪೆಮಿಡಿ ಡಬ್ಬ,
ಲಿಟ್ಮಸ್ ಕಾಗದ, ಒಂದು ಡಜನ್ ಜ್ಯಾಮಿಟ್ರಿ ಬಾಕ್ಸು,
ಏಳನೇ ಕ್ಲಾಸಿನ ಚಂದಾನಿಗೊಂದು ಬುಗುರಿ.
ನಿನ್ನ ಹೆಸರಿಗೆ ನಮ್ಮಲ್ಲಿ ಸೊಗಸು ಅಂತ ಅರ್ಥ ಎಂದಿದ್ದಕ್ಕೆ
ಮೂರು ದಿನ ತಲೆಗೆ ಎಣ್ಣೆ ಹಾಕಿಕೊಂಡು ಬಂದಿದ್ದ ಹುಡುಗ.

ಚಟ್ನಿಪುಡಿ ತೆಗೆದೆ. ಮುಳ್ಳು ಅಲುಗಿತು.
ರೇಷ್ಮೆ ಸೀರೆ ತೆಗೆದೆ; ಅಲ್ಲಿ ಉಡುವಂಥ ಮದುವೆ ಯಾವುದಿದೆ.
ಹಪ್ಪಳಕ್ಕೆ ಕೈ ಹಾಕಿದರೆ ಹಾಲೇಶ ಕೆಮ್ಮಿದ.

ಅಷ್ಟರಲ್ಲಿ ರದ್ದಿಯ ಗುಡ್ಡ ಹತ್ತಿದ್ದ ಮೇದಿನಿ
ಬೆನ್ನು ಕಿತ್ತ ಒಂದು ಅಟ್ಲಾಸ್ ಎಳೆದು ತಂದಳು,
ಯಾವುದೋ ಮಿಡ್ಲ್‌ಸ್ಕೂಲಿನ ಉರುಟು ಮೊಹರಿನದು.
"ಅಮ್ಮಾ, ನಮ್ಮ ದೇಶಾನೇ ಇಲ್ಲ ಇದ್ರಲ್ಲಿ."
ಯಾವ ದೇಶ ಎಂದು ನಾನು ಕೇಳಲಿಲ್ಲ.
ಬಗ್ಗಿ ನೋಡಿದರೆ ಜಾಂಬಿಯಾ ಇನ್ನೂ ಹುಟ್ಟಿಲ್ಲ,
ಆ ಜಾಗದಲ್ಲಿ ಉತ್ತರ ರೊಡೇಷಿಯಾ.
ಇತ್ತ ಕರ್ನಾಟಕವೂ ಇಲ್ಲ, ಮೈಸೂರು.
ಯಾರೋ ಹುಡುಗ, ಈಗ ಅಜ್ಜನಾಗಿರಬೇಕು,
ಕಡಲಿಗೆಲ್ಲ ನೀಲಿ ಬಳಿಯುತ್ತ ಬಂದವನು
ಅರಬ್ಬಿಯ ಅರ್ಧಕ್ಕೆ ಬಿಟ್ಟಿದ್ದ.
ಬಣ್ಣ ಮುಗಿಯಿತೋ, ಬೆಲ್ಲೇ ಹೊಡೆಯಿತೋ.
ಹದಿನಾಲ್ಕು ವರ್ಷ ಭೂಗೋಳ ಕಲಿಸಿದ್ದೇನೆ,
ಆ ಬಿಳಿ ತುಂಡಿನ ಹೆಸರು ನನಗೆ ಗೊತ್ತಿಲ್ಲ.

"ಎಷ್ಟು?" ಅಂದೆ. ಸಾಬರು ಅದನ್ನೂ ಕಾಟಾದ ಮೇಲಿಟ್ಟು
"ಅರ್ಧ ಕಿಲೋ, ಆರು ರೂಪಾಯಿ" ಅಂದರು;
ಆಮೇಲೆ ಅವರಿಗೇ ನಾಚಿಕೆಯಾಗಿ
"ಬೇಡ ಬಿಡಿ, ಮಕ್ಕಳ ಪುಸ್ತಕ."
ಹಪ್ಪಳ ಅವರ ಮನೆಗೆ ಉಳಿಯಿತು.
ಈ ಸಲ ಹಾಲೇಶ ಕೆಮ್ಮಲಿಲ್ಲ.

ಮುಚ್ಚಳದ ಮೇಲೆ ಮೇದಿನಿ ಕೂತಳು, ನಾನು ಜಿಪ್ ಎಳೆದೆ.
"ಚಂದಾ ಹತ್ರ ನೀಲಿ ಕ್ರೇಯಾನ್ ಇದೆ" ಅಂದಳು
ಯಾರಿಗೆಂದಿಲ್ಲದೆ.
ಇಪ್ಪತ್ಮೂರು ಕಿಲೋ, ಮುನ್ನೂರು ಗ್ರಾಂ.
"ಮುನ್ನೂರಕ್ಕೆ ಯಾರೂ ಕೇಳಲ್ಲ," ಅಂದರು ಸಾಬರು,
"ಹೋಗ್ಬನ್ನಿ."