ಗೆರೆಗೆ ಮೊದಲು

ಅರವತ್ತೊಂದನೇ ನಂಬರಿನ ಲೆಕ್ಕ ನನ್ನದು.
ತೊಡೆಯ ಮೇಲೊಂದು ಹಲಗೆ, ಎರಡು ಗಡಿಯಾರ,
ಮೊಂಡಾದರೆ ಹಲ್ಲಿನಲ್ಲೇ ಚೂಪು ಮಾಡುವ ಪೆನ್ಸಿಲು.
ಸುತ್ತಿಗೊಂದು ಗೀಟು,
ಐದಕ್ಕೊಂದು ಅಡ್ಡಗೀಟು, ಗೋಡೆಯ ಮೇಲಿನ ಹಾಲಿನ ಲೆಕ್ಕದ ಹಾಗೆ.

ಕಾರ್ಖಾನೆಯವರು ಮೂರು ವರ್ಷ ಓಡಿಸಿ ಮಾರಿದ ಕಾರು.
ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಅಡವಿಟ್ಟು ಆನ್ಸೆಲ್ಮ್ ಕೊಂಡ.
ಬಾಗಿಲ ಮೇಲೆ ಚೀಸ್ ಕಂಪನಿಯ ಹಸು;
ಜಾಹೀರಾತು ಎಂದುಕೊಂಡಿದ್ದಾರೆ ಜನ.
ಹಸುವಿನ ಹೊಟ್ಟೆಯಡಿ ಗೇಣುದ್ದ ಬಿರುಕಿದೆ.

ಪಕ್ಕದ ಪಿಟ್ಟಿನಲ್ಲಿ ಅದೇ ಕಾರ್ಖಾನೆಯವರು:
ನಲವತ್ತು ಜನ, ಒಂದೇ ಬಣ್ಣದ ಅಂಗಿ,
ಅಡುಗೆಗೇ ಬೇರೆ ಲಾರಿ.
ನಾವು ಏಳು ಮಂದಿ, ಒಂದು ಒಲೆ.
ಅವರು ಬಿಸಾಡಿದ ಟೈರನ್ನು
ಕತ್ತಲಾದ ಮೇಲೆ ಒಡಿಲೋನ್ ಉರುಳಿಸಿಕೊಂಡು ಬಂದ,
ಮಗುವನ್ನು ಶಾಲೆಯಿಂದ ಕರೆತರುವವನ ಹಾಗೆ
ಅದರ ತಲೆಯ ಮೇಲೊಂದು ಕೈಯಿಟ್ಟು.

ರಾತ್ರಿ ಎರಡೂವರೆಗೆ ಮೂರನೇ ಗೇರು ಹೋಯಿತು.
ಎಲ್ಲಿ ಹೋಯಿತು ಅಂದರೆ
ಹೆಲ್ಮೆಟ್ಟಿನೊಳಗಿಂದಲೇ ಸೊಲಾಂಜ್ ಹೇಳಿದಳು:
"ಮುಲ್ಸಾನ್ ತಿರುವಿನಲ್ಲಿ ಇಳಿದುಕೊಂಡಿತು. ಅದರ ಊರು ಬಂತೇನೋ."
ಯಾರೂ ನಗಲಿಲ್ಲ.
ಅವಳು ಹೊರಟುಹೋದ ಮೇಲೆ ಎಲ್ಲರೂ ನಕ್ಕೆವು,
ಆನ್ಸೆಲ್ಮ್ ಒಬ್ಬನನ್ನು ಬಿಟ್ಟು.

ಪೈನ್ ಮರಗಳಾಚೆ ಮೂವತ್ತು ಎಂಜಿನ್ನುಗಳ ಮೊರೆತ.
ನಮ್ಮದು ಯಾವುದೆಂದು ನನಗೆ ಗೊತ್ತಾಗುತ್ತಿತ್ತು:
ಎರಡರಿಂದ ನಾಲ್ಕಕ್ಕೆ ಹಾರುವಾಗ
ನಡುವೆ ಮೆಟ್ಟಿಲಿಲ್ಲದ ಏಣಿ ಹತ್ತುವವರ ಉಸಿರು.

ಐದರ ಹೊತ್ತಿಗೆ ಮಂಜು.
ಬರಬೇಕಾದ ನಿಮಿಷಕ್ಕೆ ಬರಲಿಲ್ಲ.
ಇನ್ನೊಂದು ನಿಮಿಷ. ಇನ್ನೆರಡು.
ಒಲೆಯ ಮೇಲೆ ಕಾಫಿ ಉಕ್ಕಿ ಸುಟ್ಟ ವಾಸನೆ ಬಂದರೂ ಯಾರೂ ಏಳಲಿಲ್ಲ.
ಆಮೇಲೆ ಒಂದೇ ದೀಪ, ಎಡಗಡೆಯದು,
ಒಕ್ಕಣ್ಣಿನಲ್ಲಿ ದಾರಿ ತಡಕುತ್ತ
ಹಸುವನ್ನು ಹೊತ್ತುಕೊಂಡು ಹಾದುಹೋಯಿತು.

ಭಾನುವಾರ, ನಾಲ್ಕಕ್ಕೆ ಹನ್ನೊಂದು ನಿಮಿಷ.
ನೀರಿನ ಮುಳ್ಳು ಕೆಂಪು ದಾಟಿದೆ,
ಇನ್ನೊಂದು ಸುತ್ತು ತಾಳುವುದಿಲ್ಲ.
ಗೆರೆಗೆ ಇಪ್ಪತ್ತು ಗಜ ಮೊದಲು
ಸೊಲಾಂಜ್ ಕಾರನ್ನು ಬದಿಗೆ ನಿಲ್ಲಿಸಿದಳು.
ನಾಲ್ಕಾದ ಮೇಲೆ ಗೆರೆ ದಾಟಿದವರೇ ಮುಗಿಸಿದವರು;
ಅದೂ ಸ್ವಂತ ಬಲದಲ್ಲಿ, ಯಾರೂ ತಳ್ಳದೆ.

ಹನ್ನೊಂದು ನಿಮಿಷ ಮೂಗಿನಿಂದ ಆವಿ ಬಿಡುತ್ತ ನಿಂತಿತ್ತು.
ಗೆದ್ದವರು ಸುಯ್ಯೆಂದು ಪಕ್ಕದಲ್ಲೇ ಹೋದರು, ಬಾವುಟ ಬಿತ್ತು.
ಒಡಿಲೋನ್ ಎರಡೂ ಕೈಯನ್ನು ಕಂಕುಳಲ್ಲಿ ಅದುಮಿಕೊಂಡಿದ್ದ,
ತಾವಾಗಿಯೇ ಓಡಿಹೋಗಿ ತಳ್ಳಿಯಾವು ಎಂದು.

ಎಂಜಿನ್ ಹತ್ತಲಿಲ್ಲ.
ಮೊದಲ ಗೇರಿಗೆ ಹಾಕಿ, ಬರೀ ಸ್ಟಾರ್ಟರಿನ ಮೇಲೆ,
ಬ್ಯಾಟರಿಯ ಕೊನೆಯ ಗುಟುಕು ಹೀರಿ
ಗಜ, ಮತ್ತೊಂದು ಗಜ,
ಕೆಮ್ಮುತ್ತಾ, ಕುಪ್ಪಳಿಸುತ್ತಾ—
ಮುಂದಿನ ಚಕ್ರ ಬಿಳಿ ಗೆರೆ ಮುಟ್ಟಿತು. ಹಿಂದಿನದೂ.

ಅವರ ಪಟ್ಟಿಯಲ್ಲಿ ಇನ್ನೂರ ಹನ್ನೆರಡು ಸುತ್ತು,
ಹದಿನೇಳನೇ ಜಾಗ, ಕೊನೆಯದು.
ನನ್ನ ಹಾಳೆಯಲ್ಲಿ ಇನ್ನೂರ ಹನ್ನೊಂದೇ.
ಐದು ಗಂಟೆಯ ಹತ್ತಿರ ಒಂದು ಗೀಟಿನಷ್ಟು ಜಾಗ ಖಾಲಿ.
ತಿದ್ದೋಣ ಕೊಡು ಎಂದು ಒಡಿಲೋನ್ ಕೈ ಚಾಚಿದ.
ಪೆನ್ಸಿಲು ಕೊಡಲಿಲ್ಲ.