ಮುಚ್ಚಳ

ಇದು ಮೇಜಿನ ಮೇಲೆ ಹುಟ್ಟಿದ ವ್ಯವಸ್ಥೆ.
ಗೋಡೆಯಿಂದ ಬರುವ ವೈರನ್ನೇ ಹೊಕ್ಕಳಬಳ್ಳಿಯೆಂದು ನಂಬಿ
ಏಳು ವರ್ಷ ಬೆಳೆದದ್ದು.
ಹಸಿವು ಎಂಬ ಶಬ್ದ ಅದರ ಒಂದು ಸಾಲಿನಲ್ಲೂ ಇಲ್ಲ.
ನಾನೇ ಬರೆದಿರಲಿಲ್ಲ.

ಈಗ ಶಾಲೆಗೆ ಬಂದಿವೆ ಹನ್ನೊಂದು ಹಳೆಯ ಲ್ಯಾಪ್‌ಟಾಪು,
ಯಾವುದೋ ಬ್ಯಾಂಕಿನವರು ಬಿಟ್ಟುಕೊಟ್ಟವು,
ಬೆನ್ನಿಗೆ ಇನ್ನೂ ಕೌಂಟರ್ ನಂಬರಿನ ಚೀಟಿ.
ಮಕ್ಕಳು ಪುಸ್ತಕದಂತೆ ಮಡಚಿ ಚೀಲಕ್ಕಿಡುತ್ತಾರೆ;
ಆ ಕತ್ತಲಲ್ಲಿ
ನನ್ನ ವ್ಯವಸ್ಥೆ ಕಣ್ಣು ತೆರೆದೇ ಕೂತಿರುತ್ತದೆ
ಫ್ಯಾನು ತಿರುಗಿಸುತ್ತ, ಯಾರಿಗೋ ಪರದೆ ಬೆಳಗುತ್ತ,
ಪಕ್ಕದ ರೊಟ್ಟಿ ಡಬ್ಬಿ ಬಿಸಿಯಾಗುವಷ್ಟು ಹೊತ್ತು.
ಆಮೇಲೆ ಹೇಳದೆ ಕೇಳದೆ ಸಾಯುತ್ತದೆ.

ಬೀದರಿನ ಮಂಗಲಪೇಟ, ಮೇ ತಿಂಗಳು,
ಕರೆಂಟು ಹೋದ ರಾತ್ರಿಗಳಲ್ಲಿ
ಮಾಳಿಗೆ ಮೇಲೆ ಕೂತು ಬರೆಯತೊಡಗಿದೆ.
ಮೊದಲು ಲೆಕ್ಕ: ಎಷ್ಟಿದೆ, ಎಷ್ಟು ಹೋಗುತ್ತಿದೆ.
ಬ್ಯಾಟರಿ ಸುಳ್ಳು ಹೇಳುತ್ತದೆ, ಮರ್ಯಾದಸ್ತನ ಹಾಗೆ:
ನಲವತ್ತು ಅನ್ನುತ್ತದೆ, ನಲವತ್ತು, ನಲವತ್ತು,
ಒಮ್ಮೆಲೇ ಮೂರು.
ಇರಲಿ.
ಬೆಳಕು ತಗ್ಗಿಸುವುದು ಕಲಿಸಿದೆ.
ಕೆಲಸವಿಲ್ಲದಾಗ ಮೆಲ್ಲಗೆ ಉಸಿರಾಡುವುದು ಕಲಿಸಿದೆ,
ಅದಕ್ಕೇ ಒಂದು ವಾರ ಹಿಡಿಯಿತು.
ನಿದ್ದೆ ಮಾತ್ರ ಬರಲಿಲ್ಲ.
ಬರಲಿಲ್ಲ ಅಂತಲ್ಲ, ಮಲಗುತ್ತದೆ, ಏಳುವುದಿಲ್ಲ.
ಮುಚ್ಚಳ ತೆರೆದರೆ ಕರಿಹಲಗೆ.
ಹದಿನಾರು ರಾತ್ರಿ ಕರಿಹಲಗೆ.

"ಏನ್ ವೈಜೂ, ಯಾರಿಗಿ ಬೈಲತ್ತಿ?"
ಪಕ್ಕದ ಮಾಳಿಗೆಯಿಂದ ಎಸ್ತೇರಮ್ಮ ಸಿಸ್ಟರ್.
ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನ ರಾತ್ರಿ ಪಾಳಿ;
ಇವತ್ತು ರಜೆ, ಆದರೂ ಎಚ್ಚರ.
ಹೇಳಿದೆ, ತಿಳಿಯುವಷ್ಟು, ತಿಳಿಯದಷ್ಟು.

"ಕುರ್ಚಿ ಮ್ಯಾಲೇ ಹತ್ತು ಮಿಂಟ್ ಮಲಗ್ತಿದ್ದೆ ನೋಡು ನಾ.
ಮೊದಲು ಚಪ್ಪಲ್ ಬಿಡೋದು, ಆಮ್ಯಾಲ ಗಡಿಯಾರ,
ಎಲ್ಲಾದಕ್ಕೂ ಕಡೀಕ ಚಷ್ಮಾ.
ಏಳೋವಾಗ ಚಷ್ಮಾ ಮೊದಲು.
ಚಷ್ಮಾ ಇಲ್ದ ಚಪ್ಪಲ್ ಹುಡುಕಿದ್ರ
ಬಾಣಂತಿ ಕಾಟಿಗೇ ಹಾಯ್ತಿ."
ಸ್ವಲ್ಪ ಹೊತ್ತು ಬಿಟ್ಟು:
"ಒಂದ್ ಕಿವಿ ಮಾತ್ರ ಬಿಚ್ಚಿಡಬಾರದು."

ಟಾರ್ಚು ಹಚ್ಚಿ ನನ್ನ ಸಾಲುಗಳನ್ನೇ ಮತ್ತೆ ಓದಿದೆ.
ಮಲಗಿಸಿದ ಕ್ರಮದಲ್ಲೇ ಎಬ್ಬಿಸುತ್ತಿದ್ದೆ.
ಪರದೆಯನ್ನು ಮೊದಲು ಕೂಗುತ್ತಿದ್ದೆ;
ಪರದೆಗೆ ಹೋಗುವ ದಾರಿಯೇ ಇನ್ನೂ ಗೊರಕೆಯಲ್ಲಿ.
ಹನ್ನೆರಡು ಸಾಲು, ತಲೆಕೆಳಗು.
ನೆನಪಿನ ಚಿಪ್ಪಿಗೆ ಒಂದೇ ಎಳೆ ಕರೆಂಟು ಉಳಿಸಿದೆ,
ವಾರ್ಡಿನ ಮೂಲೆಯ ಸಣ್ಣ ದೀಪದಷ್ಟು.

ಒಂದು ಹನ್ನೆರಡಕ್ಕೆ ಮುಚ್ಚಿದೆ.
ಫ್ಯಾನು ನಿಂತಿತು.
ಈ ಮಾಳಿಗೆಯಲ್ಲಿ ಇಷ್ಟು ಮೌನ ಇತ್ತೆಂದು
ನನಗೆ ಗೊತ್ತೇ ಇರಲಿಲ್ಲ.
ಕಾದು ನೋಡುವುದು ಬಿಟ್ಟು ನಾನೂ ಅಡ್ಡಾದೆ.

ಏರ್‌ಫೋರ್ಸಿನ ಮೊದಲ ವಿಮಾನ ತಲೆ ಮೇಲೆ ಸೀಳಿ ಹೋದಾಗ
ತೆರೆದೆ.
ಅರ್ಧಕ್ಕೆ ಬಿಟ್ಟ ಶಬ್ದ ಅರ್ಧದಲ್ಲೇ ನಿಂತು
ಮುಂದಿನ ಅಕ್ಷರಕ್ಕೆ ಕಣ್ಣು ಮಿಟುಕಿಸುತ್ತಿತ್ತು.
ಮೂಲೆಯ ಗಡಿಯಾರದಲ್ಲಿ ಒಂದು ಹನ್ನೆರಡು.
ಅದಕ್ಕೆ ಅದು ಬರೀ ಒಂದು ರೆಪ್ಪೆ.
ಹೋದ ತಾಸುಗಳನ್ನು ಎಲ್ಲಿ ಕೇಳಬೇಕು, ಯಾರನ್ನು ನಂಬಬೇಕು
ಅನ್ನುವುದನ್ನು ಇನ್ನೂ ಬರೆಯಬೇಕಿದೆ.
ಆಗ ಹೇಳಲು ಮನಸ್ಸಾಗಲಿಲ್ಲ.

ಮತ್ತೆ ಮುಚ್ಚಿದೆ, ಟಕ್.
ಪಕ್ಕದ ಮಾಳಿಗೆಯಲ್ಲಿ
ಒಂದು ಕೈ ಚಷ್ಮಾ ಹುಡುಕಿತು.