ಹತ್ತೊಂಬತ್ತು ಎಳೆ

ಹಳೆಯ ಕಾಲುಚೀಲವನ್ನು ತಂತಿಗೆ ಸುತ್ತಿ
ಕೂವೆಮರದ ನೆತ್ತಿಯಿಂದ
ಉಜ್ಜುತ್ತ ಉಜ್ಜುತ್ತ ಇಳಿಯುತ್ತಾಳೆ ಥೋರಾ,
ಜೋಕಾಲಿಯಂಥ ಹಲಗೆಯ ಮೇಲೆ ಕೂತು.
ಕೆಳಗೆ ಹಗ್ಗ ಹಿಡಿದವನು ನಾನು.
ಮಾತಾಡಕೂಡದು.

ಸ್ಟ್ರಾಮ್ನೆಸ್ ಬಂದರಿನಲ್ಲಿ ಮಾರ್ಚಿಯ ಬಿಸಿಲು
ಹೆಸರಿಗೆ ಮಾತ್ರ.
ಮೂವತ್ತೊಂದು ವರ್ಷದ ತಂತಿ,
ನಿನ್ನೆ ತಂದಂತೆ ಹೊಳೆಯುತ್ತದೆ.
'ಹೊಳಪನ್ನು ಕೇಳಬೇಡ,
ಅದು ಯಾರ ಪರವಾಗಿಯೂ ಸಾಕ್ಷಿ ಹೇಳುತ್ತದೆ.'

ಎಡಮಗ್ಗುಲಲ್ಲಿ, ಅಡ್ಡಗೋಲಿನ ಕೆಳಗೆ,
ಕಾಲುಚೀಲ ನಿಂತಿತು.
ನೂಲೊಂದು ಸಿಕ್ಕಿಕೊಂಡಿದೆ.
ಹತ್ತೊಂಬತ್ತು ಎಳೆಗಳಲ್ಲಿ ಒಂದು ತುಂಡಾಗಿ
ರೋಮದ ಹಾಗೆ ಎದ್ದು ನಿಂತಿದೆ.

ಕಳೆದ ಆಗಸ್ಟಿನಲ್ಲಿ ಹಾಯ್ ದ್ವೀಪ ಬಳಸಿ ಬರುವಾಗ
ಗಾಳಿಯೆಲ್ಲ ಇದೇ ತಂತಿಯ ಮೇಲೆ ಬಿದ್ದಿತ್ತು.
ನಾನು ಚುಕ್ಕಾಣಿ ಹಿಡಿದು ಸಿಳ್ಳೆ ಹಾಕುತ್ತಿದ್ದೆ.
ಹದಿನೆಂಟು ಎಳೆಗಳು ಕೇಳಿಸಿಕೊಳ್ಳುತ್ತಿದ್ದವು.

ಇದೊಂದನ್ನೇ ಬದಲಿಸಿದರೆ ಸಾಲದೇ, ಅಂದೆ.
ಥೋರಾ ಬೆರಳಿನ ರಕ್ತವನ್ನು ಪ್ಯಾಂಟಿಗೆ ಒರೆಸಿಕೊಂಡಳು.
ಎಂಟನ್ನೂ ಬಿಚ್ಚಿದೆವು.
ಹೊಸತರ ಬೆಲೆ ಕೇಳಿ
ನಾನು ಕಟ್ಟೆಯ ಮೇಲೆ ಕೂತೇಬಿಟ್ಟೆ.

ಹೊಸ ತಂತಿ ಮೊದಮೊದಲು ಸಡಿಲುತ್ತದೆ.
ವಾರಕ್ಕೊಮ್ಮೆ ತಿರುಪು ಬಿಗಿದು
ಬೆರಳಲ್ಲಿ ಮೀಟಿ ನೋಡುತ್ತೇವೆ.
ಶ್ರುತಿ ಇನ್ನೂ ಕೂತಿಲ್ಲ.

ಹಳೆಯದೊಂದು ಅವಳ ಹಿತ್ತಲಲ್ಲಿದೆ,
ಬಟ್ಟೆ ಒಣಹಾಕುವುದಕ್ಕೆ.
ಅವಳ ಗಂಡ ಐವರ್ ಹೇಳುತ್ತಾನೆ:
ರಾತ್ರಿ ಗಾಳಿ ಎದ್ದು
ಮರೆತ ಬೆಡ್‌ಶೀಟೊಂದು ಉಬ್ಬಿ
ತಂತಿ ಗುಂಯ್ ಅಂದರೆ
ಇವಳು ನಿದ್ದೆಯಲ್ಲೇ
ಒಂದಿಷ್ಟು
ಎಡಕ್ಕೆ ಸರಿಯುತ್ತಾಳೆ.